ಮೂರು ಸಲ ಜಗ್ಗಿದ ದಾರ

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಚಹಾ ಇಡುವ ನೆಪ ಮಾಡಿ ಎದ್ದು ಒಳಗೆ ಹೋಗುತ್ತಿದ್ದವಳು. ಸತ್ತವರು ಕನಸಿನಲ್ಲಿ ಬಂದು ಬಾಗಿಲು ಬಡಿದರಂತೆ, ದೂರದಲ್ಲಿ ಮಗನಿಗೆ ಪೆಟ್ಟಾದಾಗ ಇಲ್ಲಿ ತಾಯಿಯ ಕೈಯಿಂದ ತಂಬಿಗೆ ಜಾರಿ ಬಿತ್ತಂತೆ! ತಂಬಿಗೆ ದಿನಾ ಜಾರುತ್ತದೆ, ಮಹರಾಯರೆ. ಏನೂ ಆಗದ ದಿನ ಜಾರಿದ್ದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಅಷ್ಟೇ. ನಾನು ಗಣಿತ ಕಲಿಸುವ ಹೆಂಗಸು. ಎದುರಿನವರ ಮುಖ ನೋಡದೆ ಹೀಗೆಯೇ ಹೇಳಿಬಿಡುತ್ತಿದ್ದೆ, ಅದಕ್ಕೆ ಮದುವೆ ಮುಂಜಿಗಳಲ್ಲಿ ನನ್ನ ಪಕ್ಕದ ಕುರ್ಚಿ ಹೆಚ್ಚಾಗಿ ಖಾಲಿ ಇರುತ್ತಿತ್ತು.

ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವು ಚಹಾ ಇಡಲು ಎದ್ದು ಹೋದರೆ ನನಗೆ ಸಿಟ್ಟಿಲ್ಲ. ಕೂತು ಕೇಳಿದರೆ ಮಾತ್ರ ಒಂದು ಮಾತು ಕೊಡುತ್ತೇನೆ, ನಡೆದದ್ದಕ್ಕೆ ಉಪ್ಪು ಖಾರ ಹಚ್ಚುವುದಿಲ್ಲ.

ನಮ್ಮದು ಇಳಕಲ್. ಅಪ್ಪ ಸೀರೆ ನೇಯುವವನು. ಬೇರೆ ಏನೂ ಮಾಡಲಿಲ್ಲ, ಮಾಡಬೇಕೆಂದು ಅನ್ನಿಸಲೂ ಇಲ್ಲ. ಮಗ್ಗಕ್ಕೆ ಏರಿಸುವ ಮೊದಲು ಉದ್ದದ ಎಳೆಗಳನ್ನು, ನಾವು ಅದನ್ನು ಹಾಸು ಅನ್ನುತ್ತೇವೆ, ಓಣಿಯುದ್ದಕ್ಕೂ ಬಿಗಿದು ಗಂಜಿ ಸವರಿ ಒಣಗಿಸುವ ಕೆಲಸವೊಂದಿತ್ತು. ಬಿಸಿಲು ಏರುವ ಮೊದಲೇ ಅದು ಮುಗಿಯಬೇಕು. ಅಪ್ಪ ಓಣಿಯ ಆ ತುದಿಗೆ, ನಾನು ಈ ತುದಿಗೆ. ನನ್ನ ಕಡೆಯ ಹಗ್ಗವನ್ನು ಅಂಗೈಗೆ ಸುತ್ತಿಕೊಂಡು, ಹಿಮ್ಮಡಿ ಊರಿ, ಮೈ ಹಿಂದಕ್ಕೆ ವಾಲಿಸಿ ನಿಲ್ಲುತ್ತಿದ್ದೆ. ಅಪ್ಪನದು ಮೆತ್ತನೆಯ ದನಿ, ಕೂಗುವ ಜಾಯಮಾನವೇ ಅಲ್ಲ. ಕೂಗಿದರೂ ಓಣಿಯ ಪವರ್‌ಲೂಮುಗಳ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಅದಕ್ಕೆ ಹೇಳಬೇಕಾದ್ದನ್ನು ದಾರ ಜಗ್ಗಿಯೇ ಹೇಳುತ್ತಿದ್ದ. ಎರಡು ಸಲ ಜಗ್ಗಿದರೆ ‘ಗಟ್ಟಿ ಹಿಡಿ’. ಮೂರು ಸಲ ಜಗ್ಗಿದರೆ ‘ಬಿಡು’. ತಿಳಿಯಿತು ಅನ್ನುವುದಕ್ಕೆ ನಾನೂ ಅಷ್ಟೇ ಸಲ ತಿರುಗಿ ಜಗ್ಗಬೇಕು.

ಅಪ್ಪ ಜಗ್ಗುವುದಕ್ಕೂ ಒಂದು ಧಾಟಿ ಇತ್ತು. ಮೊದಲನೆಯದು ಮೆಲ್ಲಗೆ, ಎರಡನೆಯದು ಅದರ ಬೆನ್ನಿಗೇ, ಅವಸರದ್ದು. ಮೂರನೆಯದಿದ್ದರೆ ಸ್ವಲ್ಪ ತಡೆದು, ಇನ್ನು ಬರುವುದಿಲ್ಲವೇನೋ ಅಂದುಕೊಳ್ಳುವಾಗ ಬರುತ್ತಿತ್ತು. ಕಣ್ಣು ಮುಚ್ಚಿಕೊಂಡಿದ್ದರೂ ಆ ಕೈ ಅಪ್ಪನದೇ ಅಂತ ಹೇಳುತ್ತಿದ್ದೆ. ಇದು ನಮ್ಮಿಬ್ಬರಲ್ಲೇ ಇದ್ದ ಮಾತು. ತಮ್ಮ ಮಹಾಂತೇಶ ಕೈಗೆ ಬರುವ ಹೊತ್ತಿಗೆ ಗಂಜಿ ಹಾಕಿದ ಹಾಸೇ ಹೊರಗಿನಿಂದ ಬರತೊಡಗಿತ್ತು, ಅವನು ಓಣಿಯ ತುದಿಗೆ ನಿಂತವನೇ ಅಲ್ಲ.

ಮುಂದೆ ನಾನು ಓದಿದೆ, ಟೀಚರಾದೆ, ಮಸ್ಕತ್ತಿನ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೋದೆ. ಮದುವೆಯಾಗಲಿಲ್ಲ. ಅದು ಬೇರೆ ಕಥೆ, ಅದನ್ನು ಹೇಳುವ ಮನಸ್ಸಿಲ್ಲ. ಅವ್ವ ತೀರಿಕೊಂಡಾಗ ಊರಿಗೆ ಬಂದು ವಾಪಸು ಹೊರಡುವ ದಿನ ಅಪ್ಪ ಬಸ್‌ಸ್ಟ್ಯಾಂಡಿಗೆ ಬಂದಿದ್ದ. ‘ಇನ್ನ ನಾನೂ ಹೊಂಟಂಗ ತಗೋ’ ಅಂದ. ನಾನು ಬೈದೆ. ನಕ್ಕ. ಅವತ್ತಿನಿಂದ ಪ್ರತಿ ಫೋನಿನಲ್ಲೂ ಅದೇ ಚೇಷ್ಟೆ, ‘ಗಂಟು ಕಟ್ಟಿ ಇಟ್ಟೇನಿ’, ‘ಬಸ್ಸು ಇನ್ನೂ ಬರವಲ್ದು’. ಮಹಾಂತೇಶನ ಹೆಂಡತಿ ಮಕ್ಕಳು ಎಲ್ಲ ಮನೆಯಲ್ಲಿದ್ದರು, ಅಪ್ಪನಿಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ ಅವ್ವನಿಲ್ಲದ ಮನೆಯಲ್ಲಿ ಅವನಿಗೆ ಮನಸ್ಸು ಹತ್ತುತ್ತಿಲ್ಲ ಅನ್ನುವುದು ನನಗೆ ಗೊತ್ತಿತ್ತು.

ಒಂದು ಗುರುವಾರ ಸಂಜೆ ಮಹಾಂತೇಶನ ಫೋನು ಬಂತು.

‘ಅಕ್ಕಾ, ಅಪ್ಪ ಮಗ್ಗದಾಗ ಕುಂತಾಂವ ಹಂಗ ಒಂದ ಕಡಿ ವಾಲಿಬಿಟ್ಟ. ಲಕ್ವಾ ಅಂತ. ಬಾಗಲಕೋಟಿಗೆ ಕರಕೊಂಡು ಬಂದೀವಿ. ಮಾತಿಲ್ಲ, ಕಣ್ಣು ತಗ್ಯಾಕತ್ತಿಲ್ಲ.’

‘ಡಾಕ್ಟರ್ ಏನಂತಾರ?’

‘ಏನೂ ಹೇಳಾಕ ಬರೂದಿಲ್ಲ ಅಂತಾರ. ನೀ ಲಗೂ ಬಾ ಅಕ್ಕಾ. ನನಗ ಕೈಕಾಲು ಆಡವಲ್ವು.’

ಲಗೂ ಹೋಗುವುದು ಹೇಗೆ? ಸಿಕ್ಕಿದ ಟಿಕೆಟ್ಟು ಮರುದಿನ ರಾತ್ರಿಯದು. ನಾನು ಹೋಗಿ ಮುಟ್ಟುವವರೆಗೆ ಅಪ್ಪ ಇರಬೇಕು. ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಇದೊಂದೇ. ಬದುಕಿ ಏಳಲಿ ಅಂತ ಕೂಡ ಕೇಳಿಕೊಳ್ಳಲಿಲ್ಲ, ನಾನು ಹೋಗುವ ತನಕ ಇರಲಿ ಅಂತಷ್ಟೇ.

ಶುಕ್ರವಾರ ಅಲ್ಲಿ ರಜೆ. ಬೆಳಿಗ್ಗೆಯಿಂದ ನನ್ನ ಕೋಣೆಯಲ್ಲಿ ಇಬ್ಬರು ಗೆಳತಿಯರು ಬಂದು ಕೂತಿದ್ದರು, ಇಬ್ಬರೂ ಅದೇ ಶಾಲೆಯ ಟೀಚರುಗಳು. ಮುಮ್ತಾಜ್ ಬಾದಾಮಿಯವಳು. ಪರದೇಶದಲ್ಲಿ ನಮ್ಮ ಕಡೆಯ ಮಾತು ಆಡುವವಳು ಒಬ್ಬಳು ಸಿಕ್ಕಿದ್ದೇ ನನ್ನ ಪುಣ್ಯ. ಇನ್ನೊಬ್ಬಳು ಲೀನಾ, ಮಂಗಳೂರಿನವಳು. ಅವಳ ಗಂಡ ವಾಲ್ಟರ್‌ಗೆ ಅಲ್ಲಿನ ಗೆಳೆಯನೊಬ್ಬನ ಜೊತೆ ಪಾಲಿನಲ್ಲಿ ಒಂದು ಸಣ್ಣ ದೋಣಿ ಇತ್ತು. ಶುಕ್ರವಾರ ಬಂದರೆ ಗಂಡ ಹೆಂಡತಿ ಮೀನು ಹಿಡಿಯಲು ಹೋಗುವುದು, ಶನಿವಾರ ಇಡೀ ಕಟ್ಟಡಕ್ಕೆ ಮೀನು ಹುರಿದ ವಾಸನೆ. ನಾನು ಕಿಟಕಿ ಹಾಕಿಕೊಂಡು ಕೂರುತ್ತಿದ್ದೆ. ನಮ್ಮ ಮನೆಯಲ್ಲಿ ತತ್ತಿ, ಅಂದರೆ ಮೊಟ್ಟೆ, ಅನ್ನುವ ಮಾತನ್ನೂ ಮೆಲ್ಲಗೆ ಹೇಳುತ್ತಾರೆ.

ಬ್ಯಾಗು ತುಂಬಿಯಾಗಿತ್ತು. ಕೈಯಲ್ಲಿ ಫೋನು ಹಿಡಿದು ಗೋಡೆ ನೋಡುತ್ತ ಕೂತವಳನ್ನು ನೋಡಿ ನೋಡಿ ಮಧ್ಯಾಹ್ನದ ಹೊತ್ತಿಗೆ ಲೀನಾಗೆ ತಡೆಯಲಾಗಲಿಲ್ಲ.

‘ಏಳು ಮಾರಾಯ್ತಿ. ಇಲ್ಲಿ ಕೂತು ಎಂತ ಮಾಡ್ತೀ? ನಮ್ಮೊಟ್ಟಿಗೆ ಸಮುದ್ರಕ್ಕೆ ಬಾ. ಗಾಳಿಯಾದ್ರೂ ಬೀಳ್ತದೆ.’

‘ನಿನಗ ತಲಿ ಐತೇನು? ನಮ್ಮಪ್ಪ ಅಲ್ಲಿ ದವಾಖಾನ್ಯಾಗ, ನಾ ಇಲ್ಲಿ ಮೀನ ಹಿಡಿಲೇನು?’ ಅಂದೆ. ಸಿಟ್ಟಿಗೆ ದನಿಯೇ ಒಡೆಯಿತು.

ಮುಮ್ತಾಜ್ ನನ್ನ ಕೈಯಿಂದ ಫೋನು ಕಸಿದುಕೊಂಡಳು. ‘ನೀ ಹಿಡೀಬ್ಯಾಡ ಬೇ, ಸುಮ್ನ ಕುಂಡ್ರು. ಹಿಂಗ ಇದರ ಮಾರಿ ನೋಡಕೋತ ಕುಂತ್ರ ನಿಮ್ಮಪ್ಪಗ ಆರಾಮ ಆಗತೈತೇನು? ನಿನ್ನ ತಲಿ ಕೆಡತೈತಿ, ನಾಳೆ ಊರು ಮುಟ್ಟೂದ್ರಾಗ ನೀನೂ ಒಂದ ಪೇಶಂಟ್ ಆಗತಿ. ನಡಿ, ನಾನೂ ಬರ್ತೇನಿ.’

ಫೋನು ಹತ್ತುವ ಜಾಗದಲ್ಲೇ ದೋಣಿ ನಿಲ್ಲಿಸಬೇಕು ಅಂತ ಷರತ್ತು ಹಾಕಿ ಹೊರಟೆ. ವಾಲ್ಟರ್ ಒಪ್ಪಿಕೊಂಡ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ನನ್ನನ್ನು ಕೊನೆಯವರೆಗೂ ‘ಟೀಚರ್’ ಅಂತಲೇ ಕರೆದ.

ನಾನು ಅಷ್ಟು ದೊಡ್ಡ ನೀರಿನ ಮೇಲೆ ಹೋದದ್ದು ಅದೇ ಮೊದಲು. ಅಲ್ಲಿಯವರೆಗೆ ನನಗೆ ದೊಡ್ಡ ನೀರು ಅಂದರೆ ಬಾಗಲಕೋಟೆಯ ಹಿನ್ನೀರು. ಅದರಲ್ಲೂ ಆಚೆ ದಂಡೆ ಕಾಣುತ್ತದೆ. ಇಲ್ಲಿ ಕೆಂಪು ಕಲ್ಲಿನ ಗುಡ್ಡಗಳು ಬೆನ್ನ ಹಿಂದೆ ಸಣ್ಣವಾಗುತ್ತ ಹೋದವು. ಮುಮ್ತಾಜ್ ಆ ಗುಡ್ಡ ತೋರಿಸಿ, ‘ನೋಡು, ನಮ್ಮ ಬಾದಾಮಿನ ತಂದು ಸಮುದ್ರದ ದಂಡಿಗೆ ಇಟ್ಟಂಗ ಐತಿ’ ಅಂದಳು. ಎಳವೆಯಲ್ಲಿ ಊರ ಹೊಂಡದಲ್ಲಿ ಅಣ್ಣಂದಿರ ಜೊತೆ ಗಾಳ ಹಾಕಿ ಏಟು ತಿಂದ ಕಥೆ ಶುರು ಮಾಡಿದಳು. ನನ್ನನ್ನು ನಗಿಸುವುದಕ್ಕೆ ಹೇಳುತ್ತಿದ್ದಾಳೆ ಅಂತ ತಿಳಿಯುತ್ತಿತ್ತು. ಪಾಪ ಅನ್ನಿಸಿ ನಕ್ಕೆ.

ವಾಲ್ಟರ್ ಎಂಜಿನ್ ಆರಿಸಿದ. ಕೋಲು ಗೀಲು ಏನೂ ಇರಲಿಲ್ಲ. ಒಂದು ಪ್ಲಾಸ್ಟಿಕ್ ಉರುಳೆಗೆ ಸುತ್ತಿದ ದಾರ, ತುದಿಗೆ ಸೀಸದ ಗುಂಡು, ಕೊಕ್ಕೆ. ಕೊಕ್ಕೆಗೆ ಏನೋ ಬಿಳಿ ಮಾಂಸದ ಚೂರು ಸಿಕ್ಕಿಸುವಾಗ ನಾನು ಮುಖ ತಿರುಗಿಸಿದೆ. ಲೀನಾ ನಕ್ಕು, ದಾರವನ್ನು ನೀರಿಗೆ ಬಿಟ್ಟು ತುದಿ ನನ್ನ ಕೈಗೆ ತುರುಕಿದಳು. ‘ಹಿಡ್ಕೊ. ಮೀನು ಬೇಡದಿದ್ರೆ ಬೇಡ. ಕೈಗೊಂದು ಕೆಲಸ ಬೇಕು ನಿಂಗೆ.’

ನಾನು ಬೇಡ ಅನ್ನಲಿಲ್ಲ. ದಾರ ಕೈಗೆ ಬಂದದ್ದೇ ತಡ, ಅಂಗೈಗೆ ಸುತ್ತಿಕೊಂಡೆ. ಸುತ್ತಿಕೊಂಡೆ ಅನ್ನುವುದೂ ತಪ್ಪು, ಕೈ ತಾನೇ ಸುತ್ತಿಕೊಂಡಿತು. ವಾಲ್ಟರ್ ನೋಡಿ ಗಾಬರಿಯಾದ.

‘ಅಯ್ಯೋ ಟೀಚರ್, ಕೈಗೆ ಸುತ್ತಬಾರ್ದು! ದೊಡ್ಡದು ಎಂತಾದ್ರೂ ಸಿಕ್ಕಿದ್ರೆ ಬೆರಳೇ ಹೋಗ್ತದೆ. ಬೆರಳ ಮೇಲೆ ಹಾಯಲಿಕ್ಕೆ ಬಿಡಿ, ಅಷ್ಟೆ.’

ಹೂಂ ಅಂದು ಬಿಡಿಸಿದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಮತ್ತೆ ಸುತ್ತಿಕೊಂಡಿತ್ತು. ಮೀನು ಹಿಡಿಯುವವರ ಮನೆಯ ಮಗು ಕೂಡ ಮಾಡದ ತಪ್ಪಂತೆ ಅದು. ನೇಯುವವರ ಮನೆಯಲ್ಲಿ ಸುತ್ತಿಕೊಳ್ಳದಿದ್ದರೆ ತಪ್ಪು.

ಲೀನಾ ಒಂದೆರಡು ಬಂಗುಡೆ ಎಳೆದಳು. ಮುಮ್ತಾಜ್ ಒಂದನ್ನು ಎಳೆದು ಕೊಕ್ಕೆ ಬಿಡಿಸಲು ಬಾರದೆ ಕಿರುಚಿದಳು. ನನ್ನ ದಾರದ ಹತ್ತಿರ ಏನೂ ಸುಳಿಯಲಿಲ್ಲ. ಫೋನು ನೋಡಿದೆ, ಸಿಗ್ನಲ್ಲಿನ ಒಂದೂ ಗೆರೆ ಇಲ್ಲ. ದೋಣಿ ತೇಲುತ್ತ ತೇಲುತ್ತ ದೂರ ಬಂದುಬಿಟ್ಟಿತ್ತು. ‘ವಾಪಸು ಹೋಗೋಣ’ ಅಂದೆ. ‘ಆಯ್ತು ಟೀಚರ್, ಈಗ ಹೊರಡುವಾ’ ಅಂತ ವಾಲ್ಟರ್ ತನ್ನ ದಾರ ಸುತ್ತತೊಡಗಿದ. ಸೂರ್ಯ ಗುಡ್ಡದ ತಲೆಗೆ ಬಂದಿದ್ದ. ನೀರು ಅಲುಗದೆ ನಿಂತಿತ್ತು.

ಆಗ ನನ್ನ ದಾರ ಜಗ್ಗಿತು. ಮೆಲ್ಲಗೆ ಒಂದು, ಅದರ ಬೆನ್ನಿಗೇ ಅವಸರದ ಇನ್ನೊಂದು.

‘ಸಿಕ್ಕಿತು! ಎಳಿ, ಎಳಿ!’ ಅಂತ ಲೀನಾ ಕೂಗಿದಳು. ನಾನು ಎಳೆಯಲಿಲ್ಲ. ಮೀನು ಅಂತಲೇ ಅಂದುಕೊಂಡೆ, ಅಂದುಕೊಳ್ಳಲು ಪ್ರಯತ್ನಪಟ್ಟೆ. ಮತ್ತೆ ಅದೇ, ಮೆಲ್ಲಗೆ ಒಂದು, ಅವಸರದ್ದೊಂದು. ಅದಾದ ಮೇಲೆ ಸುಮ್ಮನೆ ನಿಂತಿತು. ಯಾರೋ ಉತ್ತರಕ್ಕೆ ಕಾಯುವ ಹಾಗೆ ನಿಂತಿತು. ಇದನ್ನು ಬೇರೆ ಹೇಗೂ ಹೇಳಲು ನನಗೆ ಬರುವುದಿಲ್ಲ.

ನಾನು ತಿರುಗಿ ಎರಡು ಸಲ ಜಗ್ಗಿದೆ.

ಏಕೆ ಜಗ್ಗಿದೆ ಅಂತ ಕೇಳಬೇಡಿ. ಹೆಸರು ಹಿಡಿದು ಕರೆದರೆ ಓ ಅನ್ನುವುದಿಲ್ಲವೇ, ಹಾಗೆ. ದಾರ ಬಿಗಿಯಾಯಿತು. ಅಂಗೈಯ ಸುತ್ತು ಚರ್ಮಕ್ಕೆ ಒತ್ತಿತು. ಆ ಕಡೆ ಏನೋ ಇದೆ, ಭಾರವಾಗಿದೆ, ಆದರೆ ಮೀನಿನಂತೆ ಅತ್ತಿತ್ತ ಎಳೆದಾಡುತ್ತಿಲ್ಲ. ನೆಟ್ಟಗೆ ನಿಂತಿದೆ, ಓಣಿಯ ಆ ತುದಿಯಲ್ಲಿ ನಿಂತ ಹಾಗೆ.

ಆಮೇಲೆ ಜಗ್ಗಿತು. ಒಂದು. ಎರಡು. ಸ್ವಲ್ಪ ತಡೆದು, ಮೂರು.

ಬಿಡು.

ಅಪ್ಪ ಹೇಳಿದ ಮೇಲೆ ನಾನು ಬಿಡದೆ ಇದ್ದದ್ದು ಎಳವೆಯಲ್ಲಿ ಒಂದು ಸಲವೂ ಇಲ್ಲ. ಮೂರು ಜಗ್ಗಿದರೆ ತಿರುಗಿ ಮೂರು ಜಗ್ಗಿ ಸಡಿಲು ಬಿಡುವುದು, ಅದು ಕೈಗೆ ಅಂಟಿದ ರೂಢಿ. ಆದರೆ ಆವತ್ತು ನಾನು ತಿರುಗಿ ಜಗ್ಗಲಿಲ್ಲ. ಇನ್ನೊಂದು ಸುತ್ತು ಹಾಕಿಕೊಂಡು, ಹಿಮ್ಮಡಿಯನ್ನು ದೋಣಿಯ ಅಂಚಿಗೆ ಒತ್ತಿ, ಮೈ ಹಿಂದಕ್ಕೆ ವಾಲಿಸಿ ಕೂತೆ. ‘ಬಿಡೂದಿಲ್ಲ’ ಅಂದೆ. ಗಟ್ಟಿಯಾಗಿಯೇ ಅಂದೆನಂತೆ, ಮುಮ್ತಾಜ್ ಆಮೇಲೆ ಹೇಳಿದಳು.

ಮತ್ತೆ ಮೂರು ಬಂತು. ಮತ್ತೆ ಮೂರು. ಪ್ರತಿ ಸಲವೂ ಅದೇ ಧಾಟಿ, ಮೂರನೆಯದಕ್ಕೆ ಅದೇ ತಡೆ. ಬರಬರುತ್ತ ಆ ಜಗ್ಗುವಿಕೆಯಲ್ಲಿ ಸ್ವಲ್ಪ ಸಿಟ್ಟೂ ಬಂದಂತೆ ಅನ್ನಿಸಿತು. ಅಂಗೈಯಿಂದ ರಕ್ತ ಮೊಣಕೈಗೆ ಇಳಿಯುತ್ತಿತ್ತು. ‘ಬಿಡಿ ಟೀಚರ್, ಕೈ ಕೊಯ್ತದೆ, ಬಿಡಿ!’ ಅಂತ ವಾಲ್ಟರ್ ದಾರ ಕತ್ತರಿಸಲು ಚಾಕು ತೆಗೆದ. ನಾನು ಅವನನ್ನು ನೋಡಿದ ನೋಟಕ್ಕೆ ಹಿಂದೆ ಸರಿದ. ಲೀನಾ ಏಸುವಿನ ಹೆಸರು ಹೇಳತೊಡಗಿದಳು. ಮುಮ್ತಾಜ್ ಮಾತ್ರ ಏನೂ ಕೇಳದೆ ಹಿಂದಿನಿಂದ ನನ್ನ ನಡ ಹಿಡಿದುಕೊಂಡು ಕೂತಳು. ನಾನು ಎಷ್ಟು ವಾಲಿದ್ದೆನೆಂದರೆ ಅವಳು ಹಿಡಿದುಕೊಳ್ಳದಿದ್ದರೆ ಮಗುಚಿ ಬೀಳುತ್ತಿದ್ದೆ.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಿಲ್ಲ. ಸೂರ್ಯ ಮುಳುಗಿ, ಆಕಾಶದ ಕೆಂಪೂ ಹೋಗುತ್ತ ಬಂತು. ಒಮ್ಮೆಲೆ ದಾರ ಹಗುರಾಯಿತು. ಹರಿದಂತೆ ಅಲ್ಲ, ಆ ತುದಿಯವರು ಸೋತು ‘ಹೋಗ್ಲಿ ಬಿಡು’ ಅಂತ ಕೈ ಸಡಿಲಿಸಿದಂತೆ. ನಾನು ಅಳತೊಡಗಿದೆ. ಬಿಕ್ಕಿ ಬಿಕ್ಕಿ ಅತ್ತೆ, ನಾಚಿಕೆ ಬಿಟ್ಟು.

ವಾಲ್ಟರ್ ದಾರ ಮೇಲೆಳೆದ. ಗುಂಡು ಇತ್ತು, ಕೊಕ್ಕೆ ಇತ್ತು. ಕೊಕ್ಕೆಗೆ ಸಿಕ್ಕಿಸಿದ್ದ ಚೂರು ಹಾಕಿದ್ದು ಹಾಕಿದ ಹಾಗೆ ಇತ್ತು. ಒಂದು ಕಡೆ ಕೂಡ ಕಚ್ಚಿದ ಗುರುತಿಲ್ಲ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ‘ಕೆಳಗೆ ಕಲ್ಲಿಗೆ ಸಿಕ್ಕಿರ್ಬೇಕು ಟೀಚರ್. ನೀರಿನ ಸೆಳೆತಕ್ಕೆ ಹಾಗೆ ಜಗ್ಗಿದ ಹಾಗೆ ಆಗ್ತದೆ’ ಅಂದ. ಅಂದವನು ನನ್ನ ಮುಖ ನೋಡಲಿಲ್ಲ. ಎಂಜಿನ್ ಚಾಲೂ ಮಾಡಿ ದೋಣಿ ತಿರುಗಿಸಿದ.

ದಂಡೆ ಹತ್ತಿರವಾದಂತೆ ಫೋನು ಒಂದರ ಮೇಲೊಂದು ಗುಂಯ್‌ಗುಟ್ಟಿತು. ಎಲ್ಲ ಮಹಾಂತೇಶನವು. ನನಗೆ ತೆಗೆಯಲು ಧೈರ್ಯವಾಗಲಿಲ್ಲ. ಮುಮ್ತಾಜಳೇ ಫೋನು ಹಚ್ಚಿ ನನ್ನ ಕಿವಿಗೆ ಹಿಡಿದಳು.

‘ಎಲ್ಲಿ ಹೋಗಿದ್ದಿ ಅಕ್ಕಾ ನೀ!’ ಅಂತ ಅವನು ಅಳುತ್ತಿದ್ದ. ‘ಅಪ್ಪನ ಎದಿ ನಿಂತಬಿಟ್ಟಿತ್ತು. ನಮ್ಮನ್ನ ಹೊರಗ ಹಾಕಿದ್ರು. ಹೋತು ಅಂತನ ಅಂದ್ಕೊಂಡ್ವಿ. ಮತ್ತ ಬರ್ತಿತ್ತು, ಮತ್ತ ನಿಂದರತಿತ್ತು...’

‘ಈಗ?’

‘ಈಗ ಐತಿ. ನಾಡಿ ಹತ್ತೈತಿ. ಡಾಕ್ಟರ್ ಹೊರಗ ಬಂದು, ಮುದುಕ ಭಾಳ ಗಟ್ಟಿ ಅದಾನ ಅಂದ್ರು.’

ಅದು ನಡೆದದ್ದು ಯಾವ ಹೊತ್ತಿಗೆ ಅಂತ ಕೇಳಬಾರದು ಅಂದುಕೊಂಡೆ. ಕೇಳಿದೆ. ಅಲ್ಲಿಗೂ ಇಲ್ಲಿಗೂ ಇರುವ ಒಂದೂವರೆ ತಾಸಿನ ವ್ಯತ್ಯಾಸ ಕಳೆಯಬಾರದು ಅಂದುಕೊಂಡೆ. ಕಳೆದೆ. ಲೆಕ್ಕ ಕೂಡಿತು. ನನ್ನ ಜೀವಮಾನದಲ್ಲಿ ಲೆಕ್ಕ ಕೂಡಿದ್ದಕ್ಕೆ ಹೆದರಿದ್ದು ಅದೊಂದೇ ಸಲ.

ಬೆಂಗಳೂರಿನಲ್ಲಿ ಇಳಿದು ಬಾಗಲಕೋಟೆಯ ಬಸ್ಸು ಹಿಡಿದೆ. ಆ ಬಸ್ಸು ಇಳಕಲ್ ಹಾದೇ ಹೋಗುತ್ತದೆ. ನಮ್ಮ ಊರಿನ ಸ್ಟ್ಯಾಂಡಿನಲ್ಲಿ ಜನ ಇಳಿದರು, ಹತ್ತಿದರು, ನಾನು ಸೀಟು ಬಿಟ್ಟು ಏಳಲಿಲ್ಲ. ಊರಿಗೆ ಬಂದು ಊರಲ್ಲಿ ಇಳಿಯದೆ ಮುಂದೆ ಹೋಗುವ ಸಂಕಟ ಏನೆಂದು ಆವತ್ತು ತಿಳಿಯಿತು. ಹುನಗುಂದ ದಾಟಿತು. ಅಮೀನಗಡದಲ್ಲಿ ಬಸ್ಸು ನಿಂತಾಗ ಎಲ್ಲರೂ ಇಳಿದು ಕರದಂಟು ಕಟ್ಟಿಸಿಕೊಳ್ಳುತ್ತಿದ್ದರು. ನನ್ನ ಪಟ್ಟಿ ಕಟ್ಟಿದ ಕೈ ನೋಡಿ ಪಕ್ಕದ ಅಜ್ಜಿ, ‘ಕೈಗೆ ಏನಾಗೈತವ್ವ?’ ಅಂದಳು. ದಾರ ಕೊಯ್ದಿತು ಅಂದೆ. ‘ನೇಕಾರರ ಪೈಕಿ ಏನು?’ ಅಂದಳು. ಹೌದು ಅಂದೆ. ಅಷ್ಟಕ್ಕೇ ಅವಳಿಗೆ ಸಮಾಧಾನವಾಯಿತು.

ನಾನು ಮುಟ್ಟಿದಾಗ ಅಪ್ಪ ಇದ್ದ. ಕಣ್ಣು ಮುಚ್ಚಿಕೊಂಡು, ಮೂಗಿಗೆ ನಳಿಗೆ ಹಾಕಿಸಿಕೊಂಡು, ಬಡಕಲಾಗಿ, ಆದರೆ ಇದ್ದ. ಅವನ ಹಣೆ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ನನಗೆ ಅಷ್ಟು ಸಾಕಾಗಿತ್ತು. ಆದರೆ ಆಸೆ ಅಷ್ಟಕ್ಕೇ ನಿಲ್ಲುತ್ತದೆಯೇ? ಕಣ್ಣು ಬಿಡಲಿ ಅಂತ ಕಾಯತೊಡಗಿದೆ.

ಕೆಲವು ದಿನಗಳ ಮೇಲೆ ಕಣ್ಣು ಬಿಟ್ಟ. ವಾರ್ಡಿಗೆ ತಂದರು. ಬಲಗೈ ಸತ್ತು ಬಿದ್ದಿತ್ತು, ಮಾತು ತೊದಲು. ಒಂದು ಬೆಳಿಗ್ಗೆ ನಾನು ಮುಖ ಒರೆಸುತ್ತಿದ್ದೆ, ಮಹಾಂತೇಶ ಕಾಲ ಬಳಿ ಕೂತಿದ್ದ. ಅಪ್ಪ ನನ್ನನ್ನೇ ನೋಡಿದ. ಸಿಟ್ಟಿನ ನೋಟ. ನಾನು ಚಿಕ್ಕವಳಿದ್ದಾಗ ಕಾಗೆ ನೋಡುತ್ತ ನಿಂತು ಹಾಸು ಸಡಿಲು ಬಿಟ್ಟರೆ ನೋಡುತ್ತಿದ್ದನಲ್ಲ, ಅದೇ. ತೊದಲುತ್ತ, ಒಂದೊಂದೇ ಮಾತು ಹೆಕ್ಕಿ ಹೇಳಿದ.

‘ಮೂರು... ಸರ್ತಿ ಜಗ್ಗಿದ್ನಲ್ಲ. ಯಾಕ ಬಿಡಲಿಲ್ಲ?’

ನನ್ನ ಕೈಯಲ್ಲಿದ್ದ ಬಟ್ಟೆ ಜಾರಿತು. ನಾನು ಯಾರಿಗೂ ಏನೂ ಹೇಳಿರಲಿಲ್ಲ. ಮಹಾಂತೇಶನಿಗೆ ಕೈಯ ಗಾಯಕ್ಕೆ ಕಾರಣ ಬೇರೆಯದೇ ಹೇಳಿದ್ದೆ. ದೋಣಿಯಲ್ಲಿದ್ದವರಿಗೆ ಎರಡು, ಮೂರು ಅನ್ನುವುದರ ಅರ್ಥವೇ ಗೊತ್ತಿರಲಿಲ್ಲ.

‘ನನಗ ತಿಳೀಲಿಲ್ಲಪ್ಪ’ ಅಂದೆ.

‘ಸುಳ್ಳ ಹೇಳಬ್ಯಾಡ’ ಅಂದ. ಕಣ್ಣು ಮುಚ್ಚಿಕೊಂಡ.

‘ಏನಂದ? ಏನು ಜಗ್ಗಿದ್ನಂತ?’ ಅಂತ ಮಹಾಂತೇಶ ಎದ್ದು ನಿಂತ. ಹಳೆ ಕಾಲದ ಹಾಸಿನ ಕನವರಿಕೆ ಅಂತ ಏನೋ ಹೇಳಿ ಹೊರಗೆ ಬಂದು, ಪ್ಯಾಸೇಜಿನ ಬೆಂಚಿನ ಮೇಲೆ ಕೂತುಬಿಟ್ಟೆ. ಆಮೇಲೆ ಅಪ್ಪ ಆ ಮಾತು ಎತ್ತಲೇ ಇಲ್ಲ. ಮನೆಗೆ ಬಂದ ಮೇಲೆ ಒಮ್ಮೆ ಮಹಾಂತೇಶ ನೆನಪು ಮಾಡಿ ಕೇಳಿದ್ದಕ್ಕೆ, ‘ಹೌದೇನು? ನಾ ಯಾವಾಗ ಅಂದೆ?’ ಅಂತ ಅವನನ್ನೇ ತಿರುಗಿ ಕೇಳಿದ.

ಇದಕ್ಕೆಲ್ಲ ನಾನು ಕಾರಣ ಹುಡುಕದೆ ಬಿಟ್ಟಿಲ್ಲ. ದಾರ ಕಲ್ಲಿಗೆ ಸಿಕ್ಕಿರಬಹುದು. ಪೆಟ್ಟು ತಿಂದ ಮೆದುಳಿನಲ್ಲಿ ಅಪ್ಪನಿಗೆ ಹಳೆಯ ಓಣಿ, ಹಳೆಯ ಹಾಸು ನೆನಪಾಗಿರಬಹುದು. ಕಳವಳದಲ್ಲಿದ್ದ ನನಗೆ ನೀರಿನ ಸೆಳೆತವೇ ಅಪ್ಪನ ಕೈಯಾಗಿ ತೋರಿರಬಹುದು. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಆಗಬಹುದಾದ್ದೇ. ಕಲ್ಲಿಗೆ ಸಿಕ್ಕ ಕೊಕ್ಕೆ ತೇಲುವ ದೋಣಿಯ ಕೆಳಗೆ ಅಷ್ಟು ಹೊತ್ತು ಹೇಗೆ ನಿಂತಿತು, ಚೂರು ಕೂಡ ಉದುರದೆ ಹೇಗೆ ಬಿಡಿಸಿಕೊಂಡು ಬಂತು ಅನ್ನುವುದನ್ನೂ ಬೇಕಾದರೆ ಬಿಡೋಣ. ಆದರೆ ಎಲ್ಲವನ್ನೂ ಒಟ್ಟಿಗೆ ಇಟ್ಟರೆ ನನ್ನ ಗಣಿತ ಕೈಕಟ್ಟಿ ಕೂರುತ್ತದೆ.

ಮುಮ್ತಾಜ್‌ಗೆ ಮಾತ್ರ ಎಲ್ಲ ಹೇಳಿದೆ. ರಜೆಗೆ ಬಾದಾಮಿಗೆ ಬಂದವಳು ಅಪ್ಪನನ್ನು ನೋಡಲು ನಮ್ಮ ಮನೆಗೆ ಬಂದಿದ್ದಳು. ಕೇಳಿ, ‘ನಾ ನಿನ್ನ ನಡ ಹಿಡಕೊಂಡಿದ್ದೆ ನೋಡು. ಆ ಜಗ್ಗು ನಿನ್ನ ಮೈಯಾಗಿಂದ ನನಗೂ ಬರ್ತಿತ್ತು. ಮೀನ ಜಗ್ಗೂದು ನನಗ ಗೊತ್ತೈತಿ, ಅದು ಮೀನಲ್ಲ. ಇದರ ಮ್ಯಾಲೆ ನನಗೇನೂ ಕೇಳಬ್ಯಾಡ’ ಅಂದಳು. ಅಂದು, ಕೋಣೆಗೆ ಹೋಗಿ ಅಪ್ಪನ ಜೊತೆ ಜೋರಾಗಿ ಹರಟೆ ಹೊಡೆಯತೊಡಗಿದಳು.

ನಾನು ಮಸ್ಕತ್ತಿಗೆ ವಾಪಸು ಹೋಗಲಿಲ್ಲ. ಹುನಗುಂದದ ಒಂದು ಶಾಲೆಯಲ್ಲಿ ಕಲಿಸುತ್ತೇನೆ, ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ. ಅಪ್ಪ ಕೋಲು ಹಿಡಿದು ಓಣಿಯ ತಿರುವಿನವರೆಗೆ ನಡೆಯುತ್ತಾನೆ, ಕಟ್ಟೆಯ ಮೇಲೆ ಕೂತು ಹೋಗಿ ಬರುವವರ ಕಾಲೆಳೆಯುತ್ತಾನೆ. ಬಲಗೈ ಮಾತ್ರ ಬರಲಿಲ್ಲ. ಮಗ್ಗಕ್ಕೆ ಮಹಾಂತೇಶ ಕೂರುತ್ತಾನೆ. ಲಾಳಿಯ ಸದ್ದು ತಪ್ಪಿದಾಗಲೆಲ್ಲ ಅಪ್ಪ ಕಟ್ಟೆಯ ಮೇಲಿಂದಲೇ ಚ್ಚು ಅನ್ನುತ್ತಾನೆ.

ನನ್ನನ್ನು ಸುಮ್ಮನೆ ಕೂರಲು ಬಿಡದಿದ್ದದ್ದು ಒಂದು ದಿನದ ಮಾತು. ಮಹಾಂತೇಶ ಅಪ್ಪನ ಅಂಗಿಯ ಗುಂಡಿ ಹಾಕುತ್ತಿದ್ದ. ಅಪ್ಪ ಅವನ ಕೈ ತಳ್ಳಿ, ‘ಇದಕ್ಕೇನು ಉಳದದ್ದು ನಾ?’ ಅಂದ. ಅಂದದ್ದು ಅವನಿಗೆ, ಹತ್ತಿದ್ದು ನನಗೆ. ಬಿಡು ಅಂದವನನ್ನು ಬಿಡದೆ ಹಿಡಿದವಳು ನಾನಾಗಿದ್ದರೆ, ಯಾರಿಗೋಸ್ಕರ ಹಿಡಿದೆ? ಅವನಿಗೋಸ್ಕರವೋ, ನಾನು ಹೋಗಿ ಮುಖ ನೋಡುವುದಕ್ಕೋ? ಎಷ್ಟೋ ದಿನ ಬಸ್ಸಿನಲ್ಲಿ ಕೂತು ಇದನ್ನೇ ತಿರುವಿ ಹಾಕಿದೆ. ಅಪ್ಪನ ಮೇಲೆ ನನಗಿರುವ ಪ್ರೀತಿ ಇಷ್ಟು ಹಟಮಾರಿಯದು ಅಂತ ನನಗೇ ಗೊತ್ತಿರಲಿಲ್ಲ.

ಹೋದ ಚಳಿಗಾಲದ ಒಂದು ಸಂಜೆ ತಡೆಯಲಾಗಲಿಲ್ಲ. ಅಪ್ಪ ಊಟಕ್ಕೆ ಕೂತಿದ್ದ. ಎಡಗೈಯಲ್ಲಿ ಉಣ್ಣುವುದು ಅವನಿಗೆ ಈಗಲೂ ನಾಚಿಕೆ, ಗೋಡೆಗೆ ಮುಖ ಮಾಡಿ ಚಮಚ ಹಿಡಿದು ಉಣ್ಣುತ್ತಾನೆ. ನಾನು ಬಿಸಿ ರೊಟ್ಟಿ ಮುರಿದು ಹೆಸರುಕಾಳಿನ ಪಲ್ಯದಲ್ಲಿ ಕಲಸಿಕೊಟ್ಟು ಪಕ್ಕಕ್ಕೆ ಕೂತೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

‘ಅಪ್ಪಾ’ ಅಂದೆ, ‘ಅವತ್ತ ನಾ ಬಿಟ್ಟಿದ್ರ ಚಲೋ ಆಗತಿತ್ತೇನು?’

ಯಾವತ್ತು, ಏನನ್ನು ಅಂತ ನಾನು ಹೇಳಲಿಲ್ಲ. ಅವನೂ ಕೇಳಲಿಲ್ಲ. ತಿರುಗಿ ನೋಡಲೂ ಇಲ್ಲ. ಬಾಯಲ್ಲಿದ್ದ ತುತ್ತನ್ನು ನಿಧಾನ ಅಗಿದು ನುಂಗಿದ.

‘ನಿಮ್ಮವ್ವ ಕಾಯ್ತಾಳ ತಗೋ’ ಅಂದ. ‘ಅಕಿಗೇನು ಹೊಸಾದು? ನಾ ಯಾವತ್ತರ ಕರದ ಕೂಡ್ಲೆ ಮಗ್ಗ ಬಿಟ್ಟು ಊಟಕ್ಕ ಎದ್ದೇನೇನು? ಬೈಕೋತ ಕಾಯ್ತಾಳ.’

ನಾನು ಕಣ್ಣು ಒರೆಸಿಕೊಂಡು ಮೂಗೆಳೆದೆ. ಅವನು ನನ್ನ ಪ್ರಶ್ನೆ ತಿಳಿದೇ ಉತ್ತರ ಕೊಟ್ಟನೋ, ಮುದುಕರು ಏನೋ ನೆನೆದು ಏನೋ ಆಡುವ ಹಾಗೆ ಆಡಿದನೋ, ನನಗೆ ಇಂದಿಗೂ ಗೊತ್ತಿಲ್ಲ. ಮತ್ತೆ ಕೇಳುವ ಧೈರ್ಯವೂ ಬಂದಿಲ್ಲ. ಅಪ್ಪ ಚಮಚದಿಂದ ತಾಟಿನ ಅಂಚು ಬಡಿದ.

‘ಅಳೂದು ಆಮ್ಯಾಲೆ ಅಳಾಕಂತಿ. ಇನ್ನ ಅರ್ಧಾ ರೊಟ್ಟಿ ನೀಡು.’

ನೀಡಿದೆ.